‘ಇಂಚರ’ ಎಂಬ ಹೆಸರಿನ ಮೂಲವೇನು? ಅರ್ಥವೇನು?

ಇಂಪಾದ ದನಿ ಎಂದರ್ಥ. ಹಕ್ಕಿಗಳ ಕೊರಳಿಗೆ ಹೆಚ್ಚಾಗಿ ಬಳಸುವ ಮಾತು. ಇದನ್ನು ಅಪ್ಪಟ ಸಂಸ್ಕೃತ ಹೆಸರು ಎಂದುಕೊಳ್ಳುವವರಿದ್ದಾರೆ, ಹಾಗಲ್ಲ. ಕನ್ನಡದ ‘ಇನಿದು’ (ಸಿಹಿಯಾದದ್ದು) ಮತ್ತು ‘ಸರ’ ಸೇರಿ ಆದ ಕರ್ಮಧಾರಯ ಸಮಾಸ (ಮೊದಲ ಪದ ಎರಡನೆಯದನ್ನು ಬಣ್ಣಿಸುವ ಕೂಡುಪದ) ಇದು. ಇಲ್ಲಿ ‘ಸರ’ ಎಂದರೆ ಕೊರಳಿಗೆ ಹಾಕುವ ಹಾರವಲ್ಲ, ಸಂಸ್ಕೃತ ‘ಸ್ವರ’ದ ತದ್ಭವ. ಸಮಾಸದಲ್ಲಿ ‘ಇನಿದು’ ಎಂಬುದು ‘ಇನ್’ ಆಗಿ, ಅದರ ಮುಂದೆ ಬಂದ ಸಕಾರ ಚಕಾರವಾಗುತ್ತದೆ: ಇನ್ + ಸರ = ಇಂಚರ. ಹಳಗನ್ನಡದ ‘ನುಣ್ಚರ’ವೂ (ನುಣುಪಾದ ದನಿ) ಇದೇ ದಾರಿಯಲ್ಲಿ ಹುಟ್ಟಿದ್ದು. ‘ಇಮ್ಮಾವು’ (ಸಿಹಿ ಮಾವು) ಪದದಲ್ಲಿರುವುದೂ ಇದೇ ‘ಇನಿದು’.

ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಇಡುವ ಹೆಸರು. ಕರ್ನಾಟಕದಲ್ಲಿ ಅಲ್ಲಲ್ಲಿ ಕೇಳಿಬರುತ್ತದೆ, ಹೊರಗೆ ಅಪರೂಪ. ಇಂಗ್ಲಿಷ್ ಬರಹ ನೋಡಿ ಕನ್ನಡೇತರರು ‘ಇಂಚಾರ’ ಎಂದು ಎಳೆಯುವುದುಂಟು. ಚಕಾರ ಹ್ರಸ್ವವೆಂದು ಮೊದಲೇ ತಿಳಿಸಿಬಿಡಿ, ಇಷ್ಟು ಚೆಂದದ ಹೆಸರು ಕೆಡಬಾರದು.