ಆರೋಪಿ ಜಾಮೀನಿನ ಮೇಲೆ ಹೊರಬಂದಾಗ

ಪ್ರಶ್ನೆ: ನಮ್ಮ ಸೊಸೈಟಿಯ ಹುಡುಗಿಯೊಬ್ಬಳಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪದಲ್ಲಿ ಬಂಧಿತನಾಗಿದ್ದವನು ಜಾಮೀನಿನ ಮೇಲೆ ಹೊರಬಂದಿದ್ದಾನೆ. ಅವನ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಬಹುದೇ? ಪೊಲೀಸರಿಗೆ ನಾವು ಹೇಗೆ ನೆರವಾಗಬೇಕು?
– ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ದಯವಿಟ್ಟು ಹಾಕಬೇಡಿ. ಅವನ ಮುಖ ಕಂಡರೆ ಮಗು ಯಾರೆಂದು ಇಡೀ ಕಟ್ಟಡಕ್ಕೆ ತಿಳಿಯುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ತಡೆಯುವುದು ಅದನ್ನೇ. 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯನ್ನೂ ಪೊಲೀಸರಂಥ ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು.

ಮಗುವಿನ ಮನೆಯವರು ಮೊದಲು ವಕೀಲರ ಮೂಲಕ ಜಾಮೀನು ಆದೇಶದ ದೃಢೀಕೃತ ನಕಲು ತೆಗೆಸಲಿ. ಠಾಣೆಗೆ ಯಾವಾಗ ಹಾಜರಾಗಬೇಕು, ಎಲ್ಲಿಗೆ ಕಾಲಿಡಬಾರದು ಎಂಬಂಥ ಷರತ್ತುಗಳು ಅದರಲ್ಲಿರುತ್ತವೆ. ಅದು ಕೈಯಲ್ಲಿಲ್ಲದ ದೂರು "ನೋಡ್ತೀವಿ" ಎಂಬಲ್ಲಿಗೇ ನಿಲ್ಲುತ್ತದೆ.

ಅವನು ಗೇಟಿನ ಬಳಿ ಸುಳಿದರೆ ವಾಚ್‌ಮನ್ ರಿಜಿಸ್ಟರಿನಲ್ಲಿ ತಾರೀಖು, ವೇಳೆ ಬರೆಸಿ. ಸಿಸಿಟಿವಿ ದೃಶ್ಯವನ್ನು ಅಂದೇ ಪೆನ್‌ಡ್ರೈವಿಗೆ ಇಳಿಸಿ. ರೆಕಾರ್ಡರ್ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತದೆ. ಸಾಕ್ಷ್ಯ ಕೈತಪ್ಪುವುದು ಇಲ್ಲೇ. ಎರಡನ್ನೂ ತನಿಖಾಧಿಕಾರಿಗೆ ಪತ್ರದೊಂದಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ. ಷರತ್ತು ಮುರಿದಿದ್ದರೆ ಸರ್ಕಾರಿ ವಕೀಲರು ಜಾಮೀನು ರದ್ದತಿಗೆ ಅರ್ಜಿ ಹಾಕಬಹುದು. ಅವನು ಮಗುವಿನ ಹತ್ತಿರ ಬಂದರೆ ಮಾತ್ರ ಪತ್ರ ಬರೆಯುತ್ತಾ ಕೂರಬೇಡಿ, ಕೂಡಲೇ 112ಕ್ಕೆ ಕರೆ ಮಾಡಿ.