ಮನೆಯ ರೌಟರ್‌ನಲ್ಲಿ ಆಫೀಸ್ ಮೀಟಿಂಗ್‌ಗೆ ಮೊದಲ ಆದ್ಯತೆ ಕೊಡೋದು ಹೇಗೆ?

ನೀವು ಕೇಳಿರೋದು ಇಷ್ಟು: ಪುಣೆಯಲ್ಲಿ ಮನೆ, 100 ಎಂಬಿಪಿಎಸ್ ಫೈಬರ್, ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗೆ ಹಾಕುವ ಮುಕ್ತ ತಂತ್ರಾಂಶ) ಹಾಕಿಕೊಂಡ ರೌಟರ್. ಮಗ ಗೇಮ್ ಡೌನ್‌ಲೋಡ್‌ಗೆ ಹಾಕಿದ ತಕ್ಷಣ ನಿಮ್ಮ ಮೀಟಿಂಗ್‌ನಲ್ಲಿ ದನಿ ತುಂಡು ತುಂಡಾಗುತ್ತೆ. ಝೂಮ್ ಮೊದಲು, ಯೂಟ್ಯೂಬ್ ಆಮೇಲೆ, ಡೌನ್‌ಲೋಡ್ ಕೊನೆಗೆ ಅಂತ ಆ್ಯಪ್ ಪ್ರಕಾರ ಸಾಲು ಹಚ್ಚಬಹುದೇ?

ಹಚ್ಚಬಹುದು. ಆದರೆ ಅಲ್ಲಿಂದ ಶುರು ಮಾಡಬೇಡಿ.

ನಾನು ಧಾರವಾಡದವನು, ಪುಣೆಯ ಕೋಥ್ರೂಡ್‌ಗೆ ಬಂದು ನೆಲೆಸಿ ಹನ್ನೊಂದು ವರ್ಷ ಆಯಿತು. ನಿಮ್ಮ ಮನೆಯ ಕಾಯಿಲೆ ನಮ್ಮನೆಯಲ್ಲೂ ಇತ್ತು. ಒಂದು ಗಣಪತಿ ಹಬ್ಬದ ರಜೆಯಲ್ಲಿ, ಹೊರಗೆ ಢೋಲ್-ತಾಶಾ ಕಿವಿ ಕಿತ್ತು ಹೋಗುವಂತೆ ಬಾರಿಸುತ್ತಿದ್ದಾಗ, ಒಳಗೆ ಕೂತು ಮೂವತ್ತು ನಿಯಮ ಬರೆದೆ. ಇಂಥ ಪೋರ್ಟ್ (ಆ್ಯಪ್ ಬಳಸುವ ಬಾಗಿಲಿನ ನಂಬರ್) ಬಂದರೆ ಇಂಥ ದರ್ಜೆ. ಸೋಮವಾರ ಹೆಂಡತಿಯ ಮೀಟಿಂಗ್ ಮೊದಲಿನಂತೆಯೇ ಒಡೆಯಿತು. ‘ನಿಮ್ಮ ರಿಪೇರಿಗಿಂತ ಮೊದಲೇ ಚೆನ್ನಾಗಿತ್ತು’ ಅಂದಳು.

ತಪ್ಪಿದ್ದು ಎಲ್ಲಿ ಅಂದರೆ, ಸಾಲು ನನ್ನ ರೌಟರ್‌ನಲ್ಲಿ ನಿಂತೇ ಇರಲಿಲ್ಲ. ಊರಿಗೆ ಹೋಗುವಾಗ ಖೇಡ್ ಶಿವಾಪುರದ ಟೋಲ್ ನಾಕಾ ನೋಡಿರುತ್ತೀರಿ. ಗಾಡಿಗಳು ನಿಲ್ಲೋದು ಅಲ್ಲಿ. ನಿಮ್ಮ ಸೊಸೈಟಿ ಗೇಟಿನ ವಾಚ್‌ಮನ್‌ಗೆ ‘ಇವರ ಗಾಡಿ ಮೊದಲು ಬಿಡಪ್ಪ’ ಅಂದರೆ ಏನು ಪ್ರಯೋಜನ? ಗೇಟಿನಲ್ಲಿ ಯಾರೂ ಕಾಯ್ತಾನೇ ಇಲ್ಲ. ನೆಟ್‌ನಲ್ಲೂ ಹೀಗೇ. ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ತುಂಡುಗಳು, ರಾಶಿ ಬೀಳೋದು ಫೈಬರ್ ಡಬ್ಬಿಯಲ್ಲಿ ಇಲ್ಲವೇ ಕಂಪನಿಯ ಕಡೆಯ ಯಂತ್ರದಲ್ಲಿ, ಅಲ್ಲಿನ ದೊಡ್ಡ ಬಫರ್‌ಗಳಲ್ಲಿ (ಪ್ಯಾಕೆಟ್ ಕಾಯುವ ಜಾಗಗಳಲ್ಲಿ). ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟರು. ಹಾಗಾಗಿ ನಾಕಾದ ವೇಗಕ್ಕಿಂತ ತುಸು ನಿಧಾನವಾಗಿ ನಮ್ಮ ಗೇಟಿನಿಂದಲೇ ಬಿಡಬೇಕು. ಆಗ ಸಾಲು ನಮ್ಮ ಅಂಗಳಕ್ಕೆ ಬರುತ್ತೆ, ಅದರ ಮೇಲೆ ನಮ್ಮ ಮಾತು ನಡೆಯುತ್ತೆ.

ಇದನ್ನು ಮಾಡೋದು ಎಸ್‌ಕ್ಯೂಎಂ, ಅಂದರೆ ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್. ರೌಟರ್ ಸೆಟ್ಟಿಂಗ್‌ನ ಸಾಫ್ಟ್‌ವೇರ್ ಪುಟದಲ್ಲಿ ಲೂಸಿ-ಆ್ಯಪ್-ಎಸ್‌ಕ್ಯೂಎಂ ಹಾಕಿಕೊಳ್ಳಿ. ಹೊರಗಿನ ನೆಟ್ ಕಡೆಯ ವ್ಯಾನ್ ಇಂಟರ್‌ಫೇಸ್ ಆರಿಸಿ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಲೈನ್ ಆದರೆ ಪಿಪಿಪಿಒಇ ಇರುವುದನ್ನು). ಕ್ಯೂ ಅನ್ನುವಲ್ಲಿ ಕೇಕ್ (ಸಾಲು ನಿಭಾಯಿಸುವ ವಿಧಾನದ ಹೆಸರು), ಸ್ಕ್ರಿಪ್ಟ್ ಅನ್ನುವಲ್ಲಿ ಸದ್ಯಕ್ಕೆ ಪೀಸ್ ಆಫ್ ಕೇಕ್. ವೇಗ ತುಂಬುವಾಗ ಪ್ಲಾನ್‌ನಲ್ಲಿ ಬರೆದ ಅಂಕಿ ಬೇಡ. ರಾತ್ರಿ ಒಂಬತ್ತಕ್ಕೆ, ಎಲ್ಲರೂ ನೆಟ್‌ಗೆ ಮುಗಿಬಿದ್ದಾಗ, ತಂತಿ ಹಚ್ಚಿ ಅಳೆಯಿರಿ, ಅದರಲ್ಲಿ 85ರಿಂದ 90 ಶೇಕಡಾ ಹಾಕಿ. ಲಿಂಕ್ ಲೇಯರ್‌ನಲ್ಲಿ ಎದರ್‌ನೆಟ್, ಓವರ್‌ಹೆಡ್ 44. ‘ದುಡ್ಡು ಕೊಟ್ಟ ಹತ್ತು ಎಂಬಿ ಬಿಟ್ಟುಕೊಡಬೇಕಾ’ ಅಂತ ನಮ್ಮಣ್ಣ ಫೋನಿನಲ್ಲಿ ಜಗಳ ತೆಗೆದಿದ್ದ. ಬಿಟ್ಟುಕೊಡಬೇಕು, ಆ ಹತ್ತರಲ್ಲೇ ಗುಟ್ಟಿರೋದು.

ಡೌನ್‌ಲೋಡ್ ಆಗಿ ಬಂದ ಪ್ಯಾಕೆಟ್ ಬಂದಾಗಿದೆ, ಅದನ್ನು ತಡೆದರೇನು ಲಾಭ ಅಂತ ಕೇಳಬಹುದು. ಕೇಕ್ ಒಂದೆರಡನ್ನು ಬೇಕೆಂದೇ ಬೀಳಿಸುತ್ತೆ. ಅದು ತಲುಪಲಿಲ್ಲ ಅಂತ ತಿಳಿದು ಆ ಕಡೆಯ ಸರ್ವರ್ ತಾನೇ ವೇಗ ಇಳಿಸುತ್ತೆ. ಈ ಉಪಾಯದ ಬೇರು ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಟ್ಟ ಕೋಡೆಲ್ ಎಂಬ ವಿಧಾನ. ಸಾಲು ಎಷ್ಟು ಉದ್ದ ಅಂತಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ಅದು ನೋಡುತ್ತೆ. ಕೇಕ್ ಇದನ್ನೇ ಬೆಳೆಸಿದ್ದು, 2018ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ನಿಮಗೆ ಬೇಕಾದ ಗುಣವೂ ಅದರಲ್ಲಿದೆ: ಒಂದೊಂದು ಸಂಪರ್ಕವನ್ನೂ ಬೇರೆ ಬೇರೆ ಸಾಲಿನಲ್ಲಿ ಇಟ್ಟು, ಆಗೊಂದು ಈಗೊಂದು ಸಣ್ಣ ಪ್ಯಾಕೆಟ್ ಬರುವ ಸಾಲನ್ನು ಮುಂದೆ ಬಿಡುತ್ತೆ. ಕಾಲ್‌ನ ದನಿ ಅಂಥದ್ದೇ. ಹೆಸರು ಕೇಳದೆಯೇ ಅದಕ್ಕೆ ಆದ್ಯತೆ ಸಿಕ್ಕಿತಲ್ಲ!

ಮಗನ ಕಂಪ್ಯೂಟರ್ ಒಂದೇ ಐವತ್ತು ಸಂಪರ್ಕ ತೆರೆದು ಪಾಲು ನುಂಗುತ್ತಿದ್ದರೆ, ಎಸ್‌ಕ್ಯೂಎಂನ ಕೊನೆಯ ಆಯ್ಕೆಗಳಲ್ಲಿ ಡೌನ್‌ಲೋಡ್‌ಗೆ ‘ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್’, ಅಪ್‌ಲೋಡ್‌ಗೆ ‘ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’ ಹಾಕಿ. ಆಗ ಪಾಲು ಮೊದಲು ಸಾಧನಗಳ ನಡುವೆ. ನ್ಯಾಟ್ (ಮನೆಯ ಸಾಧನಗಳೆಲ್ಲ ಹೊರಗೆ ಒಂದೇ ವಿಳಾಸದಲ್ಲಿ ಹೋಗುವ ಏರ್ಪಾಡು) ಪದ ಮರೆತರೆ ಮನೆಯೆಲ್ಲ ಒಂದೇ ಸಾಧನದಂತೆ ಕಾಣುತ್ತೆ. ನಾನು ಮರೆತಿದ್ದೆ.

ನಮ್ಮನೆಯಲ್ಲಿ ಡೌನ್‌ಲೋಡ್ ನಡೆಯುವಾಗ 180 ಮಿಲಿಸೆಕೆಂಡ್ ಮುಟ್ಟುತ್ತಿದ್ದ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಹೊತ್ತು) ಇಷ್ಟರಿಂದಲೇ 20ರ ಆಸುಪಾಸಿಗೆ ಇಳಿಯಿತು. ಮೂವತ್ತು ನಿಯಮ ಅಳಿಸಿ ಹಾಕಿದೆ.

ಇನ್ನೂ ಆ್ಯಪ್ ಪ್ರಕಾರವೇ ಬೇಕು ಅಂದರೆ ಕೇಳಿ. ಇವತ್ತು ಅರ್ಧ ಜಗತ್ತು 443ನೇ ಪೋರ್ಟ್‌ನಲ್ಲಿ, ಗೂಢಲಿಪಿಯ ಹೊದಿಕೆ ಹೊದ್ದು ಓಡಾಡುತ್ತೆ. ಯೂಟ್ಯೂಬ್ ಯಾವುದು, ಗೇಮ್ ಅಪ್‌ಡೇಟ್ ಯಾವುದು ಅಂತ ಪೋರ್ಟ್ ನೋಡಿ ಹೇಳಲಾಗಲ್ಲ. ಗುರುತು ಸಿಗೋದು ಮೀಟಿಂಗ್‌ಗಳದ್ದು: ಝೂಮ್ ಯುಡಿಪಿ 8801–8810, ಟೀಮ್ಸ್ ಯುಡಿಪಿ 3478–3481. ಇವಕ್ಕೆ ಡಿಎಸ್‌ಸಿಪಿ (ಪ್ಯಾಕೆಟ್ ಮೇಲೆ ಬರೆಯುವ ದರ್ಜೆಯ ಅಂಕಿ) 46, ಟೊರೆಂಟ್ ಓಡುವ ಯಂತ್ರಕ್ಕೆ 8 ಅಂತ ಗುರುತು ಹಚ್ಚಿ, ಸ್ಕ್ರಿಪ್ಟ್ ಅನ್ನು ಈ ದರ್ಜೆ ನೋಡುವ ಲೇಯರ್ ಕೇಕ್‌ಗೆ ಬದಲಿಸಿ. ಆದರೆ ಫೈರ್‌ವಾಲ್‌ನಲ್ಲಿ ಹಚ್ಚಿದ ಗುರುತು ಅಪ್‌ಲೋಡ್‌ಗಷ್ಟೇ ಕೆಲಸ ಮಾಡುತ್ತೆ. ಡೌನ್‌ಲೋಡ್‌ನಲ್ಲಿ ಪ್ಯಾಕೆಟ್ ಫೈರ್‌ವಾಲ್ ಮುಟ್ಟುವ ಮೊದಲೇ ಕೇಕ್ ಅದನ್ನು ನೋಡಿ ಆಗಿರುತ್ತೆ. ಎರಡೂ ಕಡೆ ಬೇಕಾದರೆ ಎಸ್‌ಕ್ಯೂಎಂ ನಿಲ್ಲಿಸಿ ಕ್ಯೂಒಸಿಫೈ ಎಂಬ ಇನ್ನೊಂದು ತಂತ್ರಾಂಶ ಹಾಕಿ. ಅದು ಪೋರ್ಟ್ ಜತೆಗೆ ಡಿಎನ್‌ಎಸ್ ಹೆಸರು (ಸೈಟಿನ ಹೆಸರು) ನೋಡಿಯೂ ವಿಂಗಡಿಸುತ್ತೆ, ಕೇಕ್ ಅನ್ನು ತಾನೇ ನಡೆಸುತ್ತೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಕಂಡದ್ದಕ್ಕೆಲ್ಲ 46 ಹಚ್ಚಲೂ ಬೇಡಿ: ಆ ದರ್ಜೆಗೆ ಒಟ್ಟು ವೇಗದ ಕಾಲು ಭಾಗದವರೆಗೆ ಮಾತ್ರ ಮೇಲುಗೈ, ದಾಟಿದರೆ ಅದೂ ಹೋಗುತ್ತೆ.

ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ದಾಟಿಸುವ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ. ಹಳೆಯ ಸಿಂಗಲ್ ಕೋರ್ ರೌಟರ್ ಆದರೆ ಕೇಕ್ ಓಡಿಸುವಾಗ ಸಿಪಿಯು ಏದುಸಿರು ಬಿಡುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಇಷ್ಟೆಲ್ಲ ಆದಮೇಲೂ ದನಿ ಒಡೆದರೆ ಲ್ಯಾಪ್‌ಟಾಪ್‌ಗೆ ತಂತಿ ಹಚ್ಚಿ ಒಂದು ಮೀಟಿಂಗ್ ಮಾಡಿ ನೋಡಿ. ತಂತಿಯಲ್ಲಿ ಸರಿಯಾಗಿದ್ದರೆ ದೋಷ ವೈಫೈಯದು. ನಮ್ಮ ಸೊಸೈಟಿಯಲ್ಲಿ ಒಂದು ಕೋಣೆಯಲ್ಲಿ ನಿಂತರೆ 2.4 ಗಿಗಾಹರ್ಟ್ಸ್‌ನಲ್ಲಿ ಇಪ್ಪತ್ತಾರು ಹೆಸರು ಕಾಣುತ್ತವೆ. ಹೆಂಡತಿಯ ಮೇಜಿಗೆ ಕೊನೆಗೆ ನಾನು ಎಳೆದದ್ದು ಹದಿನೈದು ಮೀಟರ್ ಕೇಬಲ್.