ಎಲ್ಲ ಸದಸ್ಯರಿಗೂ ಒಂದೇ ಮೊಬೈಲ್ ನಂಬರು!

ಪ್ರಶ್ನೆ: ನಮ್ಮೂರ ಹಾಲಿನ ಡೇರಿಗೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಬರೆದಿದ್ದೇನೆ. ಮೊಬೈಲ್ ಕಾಲಂ ನೋಡಿದರೆ ಎಲ್ಲರಿಗೂ 2147483647! ಫ್ಯಾಟ್ 3.5 ಎಂದು ಹುಡುಕಿದರೆ ಹೆಸರುಗಳು ಬರುತ್ತವೆ; 4.1 ಎಂದರೆ ಒಂದೂ ಇಲ್ಲ, ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದರೂ. ಎಲ್ಲಿ ತಪ್ಪಿದ್ದೇನೆ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಆ ನಂಬರು ನೋಡಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಹಿಂದೊಮ್ಮೆ ಗೊಬ್ಬರದಂಗಡಿಯೊಂದಕ್ಕೆ ನಾನೂ ಇದನ್ನೇ ಸಾಲುಸಾಲು ತುಂಬಿಕೊಟ್ಟು ಬೈಸಿಕೊಂಡಿದ್ದೆ. ನಿಮ್ಮ ಮೊಬೈಲ್ ಕಾಲಂ ಇಂಟ್ ಇರಬೇಕು. ಇಂಟ್ ಎಂಬುದು ಪೂರ್ಣಾಂಕ ಇಡುವ ನಾಲ್ಕು ಬೈಟಿನ ಪಾತ್ರೆ, ಅದರ ಕಂಠದ ಗುರುತೇ 2147483647. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯವು; ಒಂದೂ ಹಿಡಿಸುವುದಿಲ್ಲ. ಹಾಗಾಗಿ ಪ್ರತಿಯೊಂದರ ಬದಲಿಗೂ ಕಂಠದ ಆ ನಂಬರೇ ಕೂತಿದೆ. ಹಿಡಿಸದ್ದನ್ನು ಒಳಗೆ ಬಿಡದ ‘ಸ್ಟ್ರಿಕ್ಟ್ ಮೋಡ್’ ನಿಮ್ಮಲ್ಲಿ ಆಫ್ ಇದೆ, ಇಲ್ಲದಿದ್ದರೆ ಮೊದಲ ನಂಬರಿಗೇ ತಕರಾರು ತೆಗೆಯುತ್ತಿತ್ತು. ಆನ್ ಮಾಡಿ.

ಇನ್ನೂ ದೊಡ್ಡ ಪಾತ್ರೆಯಾದ ಬಿಗ್‌ಇಂಟ್ ಮಾಡಿದರೆ ಹಿಡಿಸುತ್ತದೆ, ಆದರೆ ಬೇಡ. ಇಬ್ಬರ ಮೊಬೈಲ್ ನಂಬರನ್ನು ಯಾವತ್ತಾದರೂ ಕೂಡುತ್ತೀರಾ? ಕೂಡುವ, ಕಳೆಯುವ ಕೆಲಸವಿಲ್ಲದ ಅಂಕಿ ಹೆಸರಿದ್ದಂತೆ, ಅಕ್ಷರಗಳಾಗಿಯೇ ಇಡುವ ವಾರ್‌ಚಾರ್ ಸಾಕು. ಬ್ಯಾಂಕ್ ಖಾತೆ ಸಂಖ್ಯೆಗೂ ಅದೇ. ಮೊದಲಿನ ಸೊನ್ನೆ ಮಾಯವಾದರೆ ಬಟವಾಡೆಯ ದಿನ ಜನ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಇನ್ನು ಫ್ಯಾಟ್ ಕಾಲಂ, ಅದು ಬಿಂದುವಿರುವ ಸಂಖ್ಯೆ ಇಡುವ ಫ್ಲೋಟ್ ಆಗಿದ್ದಂತಿದೆ. ನಮ್ಮಜ್ಜ ಅರೆ, ಕಾಲು, ವೀಸ ಎಂದು ಅರ್ಧರ್ಧ ಮಾಡುತ್ತಾ ಲೆಕ್ಕ ಹಾಕುತ್ತಿದ್ದರು. ಫ್ಲೋಟಿನದೂ ಅಜ್ಜನ ಲೆಕ್ಕವೇ. ಮೂರೂವರೆ ಸಲೀಸು. ಹತ್ತರಲ್ಲೊಂದು ಪಾಲು ಮಾತ್ರ ಎಷ್ಟು ಸಲ ಅರ್ಧ ಮಾಡಿದರೂ ಕೈಗೆ ಸಿಗುವುದಿಲ್ಲ. ಹಾಗಾಗಿ 4.1 ಒಳಗೆ 4.0999999 ಚಿಲ್ಲರೆಯಾಗಿ ಕೂತಿರುತ್ತದೆ. ತೋರಿಸುವಾಗ ಮಾತ್ರ 4.1 ಎನ್ನುತ್ತದೆ, ಹೋಲಿಸುವಾಗ ಸಿಕ್ಕಿಬೀಳುತ್ತದೆ. ಫ್ಯಾಟ್‌ಗೆ ಹತ್ತರ ಲೆಕ್ಕದಲ್ಲೇ ಇಡುವ ಡೆಸಿಮಲ್(3,1) ಕೊಡಿ: ಒಟ್ಟು ಮೂರು ಅಂಕಿ, ಅದರಲ್ಲಿ ಒಂದು ಬಿಂದುವಿನ ಆಚೆ. ಎಮ್ಮೆ ಹಾಲು ಹತ್ತು ದಾಟಿದರೂ ತೊಂದರೆಯಿಲ್ಲ. ಹಣಕ್ಕೆ ಡೆಸಿಮಲ್(10,2). ಅದರಲ್ಲೂ ಫ್ಲೋಟ್ ಇದ್ದರೆ ಇವತ್ತೇ ಬದಲಿಸಿ, ಪೈಸೆ ವ್ಯತ್ಯಾಸಕ್ಕೆ ಆಡಿಟರ್ ಎದುರು ನಿಲ್ಲುವುದು ನೀವೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೆಸರಿನ ಕಾಲಂಗೆ ಜಿಪುಣತನ ಬೇಡ. ‘ಕೃಷ್ಣಪ್ಪ’ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡ್ ಲೆಕ್ಕದಲ್ಲಿ ಎಂಟು. ನೂರು ಇಡಿ.

ಮೊಬೈಲ್ ಕಾಲಂ ಬದಲಿಸಿದ ಮಾತ್ರಕ್ಕೆ ಹಳೆಯ ನಂಬರುಗಳು ವಾಪಸ್ ಬರುವುದಿಲ್ಲ, ಅವು ಒಳಗೆ ಹೋಗಿಯೇ ಇಲ್ಲ. ಬೆಳಗ್ಗೆ ಹಾಲು ಹಾಕಲು ಕ್ಯೂ ನಿಂತಾಗ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಿ.